ಸಿಎ-125 ಜಾಸ್ತಿ ಬಂದರೆ ಎಂಡೊಮೆಟ್ರಿಯೋಸಿಸ್ ಅಂತಲೇ ಅರ್ಥವೇ?

ಪ್ರಶ್ನೆ: ನನಗೆ 29 ವರ್ಷ, ಊರು ಶಿರಸಿ ಹತ್ತಿರ. ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಾಗಿಲ್ಲ. ಮುಟ್ಟಿನ ಮೊದಲೆರಡು ದಿನ ಏಳಲಾಗದಷ್ಟು ಹೊಟ್ಟೆನೋವು. ಹುಬ್ಬಳ್ಳಿಯಲ್ಲಿ ಸಿಎ-125 ಎಂಬ ರಕ್ತಪರೀಕ್ಷೆ ಮಾಡಿಸಿದರು, 48 ಬಂದಿದೆ. ಮೊಬೈಲಿನಲ್ಲಿ ಹುಡುಕಿದರೆ ಅದು ಕ್ಯಾನ್ಸರ್ ಪರೀಕ್ಷೆ ಅಂತಿದೆ. ನನಗಿರುವುದು ಎಂಡೊಮೆಟ್ರಿಯೋಸಿಸ್ಸೇ? ರಕ್ತದಲ್ಲೇ ಖಚಿತವಾಗಿ ಗೊತ್ತಾಗುವುದಿಲ್ಲವೇ?

ಉತ್ತರ: 48 ಎಂಬ ಅಂಕಿಯೊಂದನ್ನೇ ಹಿಡಿದು ಕ್ಯಾನ್ಸರ್ ಎನ್ನಲಾಗದು, ಎಂಡೊಮೆಟ್ರಿಯೋಸಿಸ್ ಎಂದೂ ಹೇಳಲಾಗದು. ಸಿಎ-125 ಒಂದು ಪ್ರೋಟೀನು. ಗರ್ಭಕೋಶ, ಅಂಡಾಶಯ, ಹೊಟ್ಟೆಯ ಒಳಪದರ ಕೆರಳಿದಾಗ ಅದು ರಕ್ತದಲ್ಲಿ ಏರುತ್ತದೆ. ರಿಪೋರ್ಟಿನಲ್ಲಿ 35ರೊಳಗೆ ಇರಬೇಕು ಎಂದು ಬರೆದಿರುತ್ತಾರೆ. ಫೈಬ್ರಾಯ್ಡ್ ಗಡ್ಡೆ, ಕಿಬ್ಬೊಟ್ಟೆಯ ಸೋಂಕು, ಹೊಟ್ಟೆಯ ಕ್ಷಯ, ಬಸಿರಿನ ಮೊದಲ ತಿಂಗಳುಗಳು, ಅಷ್ಟೇಕೆ, ಬರೀ ಮುಟ್ಟಾದಾಗಲೂ ಏರುತ್ತದೆ. ನಿಮ್ಮ ರಕ್ತ ತೆಗೆದದ್ದು ಮುಟ್ಟಿನ ದಿನಗಳಲ್ಲೇ? ಹೌದಾದರೆ ಡಾಕ್ಟರಿಗೆ ತಪ್ಪದೇ ಹೇಳಿ. ಇನ್ನೊಂದು ಕಡೆ, ಎಂಡೊಮೆಟ್ರಿಯೋಸಿಸ್ ಇರುವವರಲ್ಲೇ ಸುಮಾರು ಅರ್ಧದಷ್ಟು ಮಂದಿಯಲ್ಲಿ ಈ ಪರೀಕ್ಷೆ ಏನನ್ನೂ ತೋರಿಸುವುದಿಲ್ಲ.

ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಹೊರಗಡೆ, ಅಂಡಾಶಯದ ಮೇಲೋ ಕರುಳಿನ ಮೇಲೋ ಬೆಳೆಯುವುದೇ ಈ ಕಾಯಿಲೆ. ಸಂತಾನ ವಯಸ್ಸಿನ ಹೆಂಗಸರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇದೆ. ಅದು ಉರಿಯೂತ ತರುತ್ತದೆ, ಅಂಗಗಳನ್ನು ಒಂದಕ್ಕೊಂದು ಅಂಟಿಸುತ್ತದೆ, ಗರ್ಭನಾಳದ ದಾರಿಗೆ ಅಡ್ಡಬರುತ್ತದೆ. ಹಾಗೆಂದು ಇದ್ದವರಿಗೆಲ್ಲ ಮಕ್ಕಳಾಗುವುದಿಲ್ಲ ಎಂದಲ್ಲ. ಎಷ್ಟೋ ಮಂದಿ ತಾವಾಗಿಯೇ ಬಸಿರಾಗಿದ್ದಾರೆ.

ಇಷ್ಟು ವರ್ಷ ಹುಡುಕಿದರೂ ರಕ್ತದಲ್ಲಿ ಇದರ ಖಚಿತ ಗುರುತು ಯಾಕೆ ಸಿಕ್ಕಿಲ್ಲ? ನೀವು ಕೂತಿದ್ದ ಆಸ್ಪತ್ರೆಯ ಬೆಂಚನ್ನು ನೆನಪಿಸಿಕೊಳ್ಳಿ. ಒಬ್ಬಳಿಗೆ ಪಿಸಿಒಎಸ್ (ಹಾರ್ಮೋನು ಏರುಪೇರಾಗಿ ಅಂಡ ಸರಿಯಾಗಿ ಬಿಡುಗಡೆಯಾಗದ ತೊಂದರೆ), ಇನ್ನೊಬ್ಬಳಿಗೆ ಹಳೆಯ ಸೋಂಕಿನಿಂದ ನಾಳ ಮುಚ್ಚಿದೆ, ಮತ್ತೊಬ್ಬಳಿಗೆ ಫೈಬ್ರಾಯ್ಡ್. ಆರೋಗ್ಯವಂತೆಯಿಂದ ನಿಮ್ಮನ್ನು ಬೇರ್ಪಡಿಸಿ ತೋರಿಸುವ ಪರೀಕ್ಷೆಯಿಂದ ಉಪಯೋಗ ಕಡಿಮೆ. ಆ ಬೆಂಚಿನಲ್ಲಿ ಪಕ್ಕ ಕೂತವಳಿಂದ ಬೇರ್ಪಡಿಸಿ ತೋರಿಸಬೇಕು. ಉರಿಯೂತದ ಗುರುತುಗಳು ಅಲ್ಲೇ ಸೋಲುವುದು. ತಿಂಗಳ ಯಾವ ದಿನ ರಕ್ತ ತೆಗೆದರು ಎನ್ನುವುದರ ಮೇಲೂ ಅಂಕಿ ಬದಲಾಗುತ್ತದೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2016ರ ವಿಮರ್ಶೆ ರಕ್ತದ 122 ಗುರುತುಗಳನ್ನು ಜಾಲಾಡಿತು. ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ಕ್ಯಾಮೆರಾದಿಂದ ಒಳಗೆ ನೋಡುವ ಲ್ಯಾಪರೊಸ್ಕೋಪಿಯ ಜಾಗಕ್ಕೆ ಒಂದೂ ನಿಲ್ಲಲಿಲ್ಲ. ಯುರೋಪಿನ ಸಂತಾನೋತ್ಪತ್ತಿ ತಜ್ಞರ ಸಂಘ ಎಶ್ರೆ, ಈ ಕಾಯಿಲೆ ಪತ್ತೆಗೆ ಇಂಥ ಗುರುತುಗಳನ್ನು ಬಳಸಬೇಡಿ ಎಂದೇ 2022ರಲ್ಲಿ ಹೇಳಿತು. ಅದೇ ವರ್ಷ ಫ್ರಾನ್ಸಿನವರು ಎಂಜಲಿನಲ್ಲಿರುವ, ಜೀನುಗಳ ಕೆಲಸ ಹತೋಟಿಯಲ್ಲಿಡುವ 109 ಪುಟ್ಟ ಅಣುಗಳಾದ ಮೈಕ್ರೋ ಆರ್‌ಎನ್‌ಎಗಳಿಂದ ಪತ್ತೆ ಮಾಡುವ ಪರೀಕ್ಷೆ ಪ್ರಕಟಿಸಿದರು. ನನಗೆ ಅದರ ಮೇಲೆ ಆಸೆಯಿದೆ. ಆದರೆ ಆ ಅಧ್ಯಯನದಲ್ಲಿದ್ದವರು 200 ಮಂದಿ ಮಾತ್ರ.

ಈಗ ಕೈಗೆ ಸಿಗುವ ಒಳ್ಳೆಯ ಸಾಧನ ಯೋನಿ ಮೂಲಕ ಮಾಡುವ ಅಲ್ಟ್ರಾಸೌಂಡ್, ಅದೂ ಈ ಕಾಯಿಲೆ ನೋಡಿ ಪಳಗಿದವರಿಂದ. ಅಂಡಾಶಯದ ‘ಚಾಕೊಲೇಟ್ ಸಿಸ್ಟ್’ ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಒಳಗೆ ತುಂಬಿರುವುದು ಹಳೆಯ ರಕ್ತ, ನಮ್ಮ ಕಡೆಯ ಜೋನಿ ಬೆಲ್ಲದಂತೆ ಕಂದು, ದಪ್ಪ. ಹೊಟ್ಟೆಯ ಪದರದ ಮೇಲಿನ ಸಣ್ಣ ಚುಕ್ಕೆಗಳು ಮಾತ್ರ ಸ್ಕ್ಯಾನಿಗೆ ಸಿಗುವುದಿಲ್ಲ. ಸ್ಕ್ಯಾನ್ ಸರಿಯಿದ್ದೂ ನೋವು ಹೋಗದಿದ್ದರೆ ಲ್ಯಾಪರೊಸ್ಕೋಪಿಯ ಮಾತು ಬರುತ್ತದೆ.

ನನ್ನ ಅಕ್ಕನಿಗೆ ಹೈಸ್ಕೂಲಿನಿಂದಲೇ ಈ ನೋವು. ಅಮ್ಮ ಜೀರಿಗೆ ಕಷಾಯ ಕುಡಿಸಿ ಮಲಗಿಸುತ್ತಿದ್ದಳು, ‘ಹೆಂಗಸರಿಗೆಲ್ಲ ಇದ್ದದ್ದೇ’ ಎನ್ನುತ್ತಿದ್ದಳು. ಕಾಯಿಲೆಯ ಹೆಸರು ತಿಳಿಯಲು ಒಂಬತ್ತು ವರ್ಷ ಬೇಕಾಯಿತು. ಕೊನೆಗೆ ದಾರಿ ತೋರಿಸಿದ್ದು ಅಡುಗೆಮನೆಯ ಗೋಡೆಯ ಕ್ಯಾಲೆಂಡರ್. ನೋವಿನ ದಿನಗಳಿಗೆ ಅವಳು ಪೆನ್ಸಿಲಿನಲ್ಲಿ ಸುತ್ತು ಹಾಕಿಟ್ಟಿದ್ದಳು. ಆರು ತಿಂಗಳ ಆ ಹಾಳೆಗಳನ್ನು ನೋಡಿದ ಡಾಕ್ಟರು ತಾವಾಗಿಯೇ ಸ್ಕ್ಯಾನ್ ಬರೆದುಕೊಟ್ಟರು.

ನೀವೂ ಬರೆದಿಡಿ: ಯಾವ ದಿನ ನೋವು, ಎಷ್ಟು ಮಾತ್ರೆ, ಮಲವಿಸರ್ಜನೆಯ ವೇಳೆ ನೋವೇ, ಗಂಡನೊಂದಿಗೆ ಸೇರುವಾಗ ನೋವೇ. ಕೊನೆಯದನ್ನು ಹೇಳಲು ನಾಚಿಕೆಯಾದರೆ ಚೀಟಿಯಲ್ಲಿ ಬರೆದು ಕೊಡಿ, ತಪ್ಪಿಲ್ಲ.

ನಿಮ್ಮ ಪತ್ರದಲ್ಲಿ ಯಜಮಾನರ ವೀರ್ಯ ಪರೀಕ್ಷೆಯ ಮಾತೇ ಇಲ್ಲ. ಅದಿನ್ನೂ ಆಗಿರದಿದ್ದರೆ, ಮುಂದಿನ ಸಲ ಹುಬ್ಬಳ್ಳಿ ಬಸ್ಸು ಹತ್ತುವಾಗ ಅವರನ್ನೂ ಕರೆದುಕೊಂಡು ಹೋಗಿ.