ಎಣಿಸಿದರೆ ಸಾಕಾ? ಮೀನಿನ ವಂಶ ಹುಡುಕುವ ಕಷ್ಟ

ಯಾವ ಮೀನು ಯಾವುದಕ್ಕೆ ನೆಂಟ ಎಂದು ಹುಡುಕುವಾಗ ಮೊದಲು ಕೈಗೆ ಸಿಗುವುದು ಜೀನ್‌ಗಳನ್ನು ಹೊತ್ತ ವರ್ಣತಂತುಗಳ (ಕ್ರೋಮೋಸೋಮ್) ಲೆಕ್ಕ. ಮೀನಿಗೆ ಕಾಲ್ಚಿಸಿನ್ ಎಂಬ ಔಷಧ ಚುಚ್ಚುತ್ತೇವೆ. ಎರಡಾಗಿ ವಿಭಜನೆಯಾಗುತ್ತಿರುವ ಜೀವಕೋಶಗಳು ಅರ್ಧದಲ್ಲೇ ನಿಲ್ಲುತ್ತವೆ. ಆಮೇಲೆ ಮೂತ್ರಪಿಂಡದ ಕೋಶಗಳನ್ನು ತೆಳು ದ್ರಾವಣದಲ್ಲಿ ಉಬ್ಬಿಸಿ, ಗಾಜಿನ ಮೇಲೆ ಹರಡಿ, ಗೀಮ್ಸಾ ಬಣ್ಣ ಹಾಕಿ ಎಣಿಸುವುದು. ಗೆಂಡೆ ಮೀನಿನ ವರ್ಣತಂತುಗಳು ಪುಟ್ಟವು, ಒಂದರ ಮೇಲೊಂದು ಬಿದ್ದಿರುತ್ತವೆ. ಒಂದೇ ಕೋಶ ನೋಡಿ ಸಂಖ್ಯೆ ಬರೆದುಕೊಂಡು ಬಂದವರನ್ನು ನಾನಂತೂ ನಂಬುವುದಿಲ್ಲ.

ರೋಹು, ಕಾಟ್ಲಾ, ಮೃಗಾಲ್ ಮೂರಕ್ಕೂ 50. ಸಾಮಾನ್ಯ ಗೆಂಡೆಗೆ 100, ಗೋಲ್ಡ್ ಫಿಷ್‌ಗೂ 100, ಮಹಶೀರ್‌ಗೂ 100. ಹಾಗಾದರೆ ಮಹಶೀರ್ ಮತ್ತು ಸಾಮಾನ್ಯ ಗೆಂಡೆ ಹತ್ತಿರದ ನೆಂಟರು, ಅಲ್ವಾ? ಅಷ್ಟು ಸುಲಭ ಅಲ್ಲ. ಗೆಂಡೆ ಕುಟುಂಬದಲ್ಲಿ ವರ್ಣತಂತುಗಳ ಸಂಖ್ಯೆ ಇಮ್ಮಡಿಯಾದದ್ದು ಒಂದೇ ಸಲವಲ್ಲ. ಸಂಖ್ಯೆ ಒಂದೇ ಇದ್ದ ಮಾತ್ರಕ್ಕೆ ಇಬ್ಬರೂ ಅದನ್ನು ಒಬ್ಬ ಪೂರ್ವಜನಿಂದಲೇ ಪಡೆದರು ಎನ್ನಲಾಗದು.

ಇಮ್ಮಡಿಯಾದ ಮೀನಿನಲ್ಲಿ ಇನ್ನೂ ದೊಡ್ಡ ತಲೆನೋವಿದೆ. ಸಾಮಾನ್ಯ ಗೆಂಡೆ ಎರಡು ಬೇರೆ ಪೂರ್ವಜ ಜಾತಿಗಳು ಬೆರೆತು ಹುಟ್ಟಿದ್ದು. ಹಾಗಾಗಿ ಅದರ ಬಹಳಷ್ಟು ಜೀನ್‌ಗಳಿಗೆ ಎರಡೆರಡು ಪ್ರತಿ, ಎರಡರ ಮೂಲವೂ ಬೇರೆ ಬೇರೆ. ಒಂದು ಮೀನಿನಿಂದ ಮೊದಲನೆಯ ಪ್ರತಿ, ಇನ್ನೊಂದರಿಂದ ಎರಡನೆಯ ಪ್ರತಿ ತೆಗೆದು ಹೋಲಿಸಿಬಿಟ್ಟರೆ, ಅಣ್ಣತಮ್ಮಂದಿರೂ ದೂರದವರಂತೆ ಕಾಣುತ್ತಾರೆ. ಕಂಪ್ಯೂಟರ್ ಏನೂ ಗೊಣಗುವುದಿಲ್ಲ, ಸುಮ್ನೆ ಚೆಂದದ ವಂಶವೃಕ್ಷ ಬರೆದು ಕೊಡುತ್ತದೆ!

ಅದಕ್ಕೇ ಎಷ್ಟೋ ಜನ ಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯದ ಜೀನ್ ಹಿಡಿಯುತ್ತಾರೆ. ಸುಮಾರು 650 ಡಿಎನ್‌ಎ ಅಕ್ಷರಗಳ ಒಂದು ತುಣುಕು ಓದಿದರೆ ಹೆಚ್ಚಿನ ಜಾತಿಗಳು ಗೊತ್ತಾಗುತ್ತವೆ, ಇಮ್ಮಡಿಯ ಗೊಂದಲವೂ ಇಲ್ಲ. ಆದರೆ ಅದು ತಾಯಿಯ ಕಡೆಯಿಂದ ಮಾತ್ರ ಬರುತ್ತದೆ. ಹೆಣ್ಣು ಕಾಟ್ಲಾ, ಗಂಡು ರೋಹು ಸೇರಿ ಹುಟ್ಟಿದ ಮರಿ ಈ ಪರೀಕ್ಷೆಯಲ್ಲಿ ಅಪ್ಪಟ ಕಾಟ್ಲಾ! ವರ್ಣತಂತು ಎಣಿಸಿದರೂ 50. ಈ ಮಿಶ್ರತಳಿ ಮುಂದೆ ಮರಿಯನ್ನೂ ಮಾಡುತ್ತದೆ. ಮರಿ ಉತ್ಪಾದನಾ ಕೇಂದ್ರದಲ್ಲಿ ಒಂದೇ ತೊಟ್ಟಿಯಲ್ಲಿ ಎರಡು ಜಾತಿಗೆ ಮೊಟ್ಟೆ ಇಡಿಸುವವರು ಇದನ್ನು ಗಮನಿಸಬೇಕು. ತಂದೆಯ ಗುರುತು ಬೇಕಾದರೆ ಕೋಶಕೇಂದ್ರದ ಜೀನ್‌ಗಳನ್ನೂ ಓದಲೇಬೇಕು.

ನಮ್ಮ ಕಾವೇರಿಯ ಡುಬ್ಬದ ಮಹಶೀರ್ ನೋಡಿ. ಅದು ಯಾವ ಜಾತಿ ಎಂಬುದು ಬಹಳ ಕಾಲ ಇತ್ಯರ್ಥವಾಗಿರಲಿಲ್ಲ. 2018ರಲ್ಲಿ ದೇಹದ ಅಳತೆ ಮತ್ತು ಡಿಎನ್‌ಎ ಎರಡನ್ನೂ ಸೇರಿಸಿ ನೋಡಿದಾಗ, ಕೇರಳದ ಪಾಂಬಾರ್ ಹೊಳೆಯಿಂದ 2007ರಲ್ಲಿ ವಿವರಿಸಿದ್ದ ಟಾರ್ ರೆಮಾದೇವಿಯೇ ಇದು ಎಂದು ತಿಳಿಯಿತು. ಪಾಂಬಾರ್ ಕಾವೇರಿಗೇ ಸೇರುವ ನೀರು. ಅಷ್ಟರಲ್ಲಿ ಬೇರೆ ಕಡೆಯ ಟಾರ್ ಖುದ್ರೀ ಎಂಬ ಇನ್ನೊಂದು ಮಹಶೀರ್ ಜಾತಿಯ ಮರಿಗಳನ್ನು ಕಾವೇರಿಗೆ ಬಿಟ್ಟಾಗಿತ್ತು. ಎರಡೂ ಬೆರೆತಿವೆಯೇ ಎಂದು ನೋಡಲು ತಾಯಿಯ ಕಡೆಯ ಆ ಒಂದು ತುಣುಕು ಸಾಲುವುದಿಲ್ಲ.