‘ವೆಜ್ ಐತ್ರೀ’ ಅಂದ ಮಾತ್ರಕ್ಕೆ ಒಳಗೆ ಹೋಗಬಹುದಾ?

ಓದುಗರ ಪ್ರಶ್ನೆ: ಡಿಸೆಂಬರ್‌ನಲ್ಲಿ ಮೈಸೂರಿನಿಂದ ಹೊರಟು ಬಳ್ಳಾರಿ, ಆನೆಗೊಂದಿ, ಕೊಪ್ಪಳ, ರಾಯಚೂರು ನೋಡಿಕೊಂಡು ಮಂತ್ರಾಲಯಕ್ಕೆ ಹೋಗಬೇಕು ಅಂತಿದ್ದೇವೆ. ಜೊತೆಗೆ ಅಮ್ಮ ಇರ್ತಾರೆ. ಅವರಿಗೆ ಮೊಟ್ಟೆಯೂ ಆಗಲ್ಲ, ಮಾಂಸ ಬೇಯಿಸುವ ಅಡುಗೆಮನೆಯ ಊಟವೂ ಆಗಲ್ಲ. ಮ್ಯಾಪ್‌ನಲ್ಲಿ ‘ವೆಜ್ ರೆಸ್ಟೋರೆಂಟ್’ ಅಂತ ಹುಡುಕಿದರೆ ಬಿರಿಯಾನಿ ಹೋಟೆಲ್‌ಗಳೂ ಸೇರಿಕೊಂಡು ಬರ್ತಿವೆ. ನಿಮ್ಮ ಕಡೆ ಶುದ್ಧ ಸಸ್ಯಾಹಾರಿ ಹೋಟೆಲ್ ಗುರುತಿಸೋದು ಹೇಗೆ?

ಉತ್ತರ: ಮೊದಲು ‘ವೆಜ್ ಇದೆಯಾ?’ ಅಂತ ಕೇಳೋದನ್ನು ಬಿಡಿ. ಈ ಪ್ರಶ್ನೆಗೆ ‘ಇಲ್ಲ’ ಅನ್ನುವ ಹೋಟೆಲ್ ನಮ್ಮ ಕಡೆ ಸಿಗೋದು ಕಷ್ಟ. ಬಿರಿಯಾನಿ ಹಂಡೆಯನ್ನು ಬಾಗಿಲಲ್ಲೇ ಇಟ್ಟುಕೊಂಡವರೂ ‘ಐತ್ರೀ, ಬರ್ರೀ’ ಅಂತಾರೆ. ಅವರು ಸುಳ್ಳು ಹೇಳ್ತಿಲ್ಲ. ಒಳಗೆ ಅನ್ನ, ಸಾರು, ಗೋಬಿ ಎಲ್ಲ ಇರುತ್ತೆ. ನಿಮಗೆ ಬೇಕಾದದ್ದು ಅಲ್ಲಿ ಏನಿದೆ ಅನ್ನೋದಲ್ಲ, ಏನಿಲ್ಲ ಅನ್ನೋದು. ಹಾಗಾಗಿ ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು: ‘ಇಲ್ಲಿ ತತ್ತಿ, ಖಂಡ ಏನಾದ್ರೂ ಮಾಡ್ತೀರೇನ್ರೀ?’

ತತ್ತಿ ಅಂದರೆ ಮೊಟ್ಟೆ. ಖಂಡ ಅಂದರೆ ಮಾಂಸ. ಮೊಟ್ಟೆ ಅಂದರೂ ಅರ್ಥವಾಗುತ್ತೆ, ಆದರೆ ತತ್ತಿ ಅಂತ ಕೇಳಿದರೆ ಉತ್ತರ ಬೇಗ ಬರುತ್ತೆ, ನೆಟ್ಟಗೆ ಬರುತ್ತೆ. ಉಚ್ಚಾರದ ಮೇಲೆ ಮಾತ್ರ ಸ್ವಲ್ಪ ಗಮನ ಇರಲಿ. ‘ತ’ ಜಾರಿ ‘ಟ’ ಆಯಿತೋ, ಹಿಂದಿಯಲ್ಲಿ ಅದು ಮಲ ಅಂತಾಗಿ, ಪಕ್ಕದ ಟೇಬಲ್ಲಿನ ಹಿಂದಿ ಬಲ್ಲವರ ಊಟ ಅಲ್ಲಿಗೇ ನಿಲ್ಲುತ್ತೆ! ರಾಯಚೂರಲ್ಲಿ ತೆಲುಗು, ಉರ್ದು ಎರಡೂ ಜಾಸ್ತಿ. ತೆಲುಗಿನವರಿಗೆ ಗುಡ್ಡು, ಉರ್ದುವಿನವರಿಗೆ ಅಂಡಾ. ಈ ಮೂರು ಪದ ಬಂದರೆ ಮೂರು ಜಿಲ್ಲೆ ದಾಟಬಹುದು.

ಮೊಟ್ಟೆಯನ್ನು ಬೇರೆಯಾಗಿ ಹೆಸರಿಸಿಯೇ ಕೇಳಿ ಅಂತ ಯಾಕೆ ಒತ್ತಿ ಹೇಳ್ತೀನಿ ಅಂದರೆ, ನಮಗೇ ಒಮ್ಮೆ ಹಾಗಾಗಿದೆ. ರಾತ್ರಿ ಹತ್ತು ಗಂಟೆ, ಹೆದ್ದಾರಿ ಬದಿಯ ಒಂದು ದಾಬಾ. ಧಾರವಾಡದಿಂದ ಬಂದಿದ್ದ ನಮ್ಮ ಚಿಗವ್ವ ಜೊತೆಗಿದ್ದಳು. ‘ವೆಜ್ ಫ್ರೈಡ್ ರೈಸ್’ ಅಂತ ಹೇಳಿಯೇ ತರಿಸಿದ್ದೆವು. ಎರಡು ತುತ್ತು ತಿಂದ ಮೇಲೆ ಅನ್ನದ ನಡುವೆ ಹಳದಿ ಚೂರು ಕಂಡವು. ಕೇಳಿದರೆ ಬಡಿಸುವ ಹುಡುಗ ಬಹಳ ಸಮಾಧಾನದಿಂದ ಹೇಳಿದ: ‘ಅದು ತತ್ತಿ ಅಷ್ಟರೀ ಅಮ್ಮಾರ, ನಾನ್‌ವೆಜ್ ಅಲ್ಲ.’ ಅವನ ಲೆಕ್ಕದಲ್ಲಿ ಅದು ಸರಿಯೇ. ಚಿಗವ್ವ ಆ ರಾತ್ರಿ ಎರಡು ಬಾಳೆಹಣ್ಣು ತಿಂದು ಮಲಗಿದಳು. ಆಮೇಲೆ ಅವಳು ನಮ್ಮ ಊರಿಗೆ ಬರುವಾಗಲೆಲ್ಲ ಬ್ಯಾಗಿನಲ್ಲಿ ಅವಲಕ್ಕಿ ಇಟ್ಟುಕೊಂಡೇ ಬರ್ತಾಳೆ.

ಇನ್ನು ಬೋರ್ಡ್ ಓದುವ ವಿಷಯ. ನಿಮ್ಮ ಅಮ್ಮನಿಗೆ ಹೇಳಿ ಮಾಡಿಸಿದ ಜಾಗ ಅಂದರೆ ಲಿಂಗಾಯತ ಖಾನಾವಳಿ. ‘ಬಸವೇಶ್ವರ ಖಾನಾವಳಿ’ ಅನ್ನೋ ಹೆಸರು ಊರಿಗೊಂದಾದರೂ ಕಾಣುತ್ತೆ. ಅವೆಲ್ಲ ಒಬ್ಬರವಲ್ಲ, ಒಂದೇ ಕಂಪನಿಯ ಶಾಖೆಗಳೂ ಅಲ್ಲ. ಒಂದೊಂದನ್ನೂ ಒಂದೊಂದು ಮನೆಯವರು ನಡೆಸ್ತಾರೆ, ಹೆಸರು ಮಾತ್ರ ಒಂದೇ. ಬೋರ್ಡಿನ ಮೇಲೆ ಬಸವಣ್ಣನ ಚಿತ್ರ, ಗಲ್ಲಾದ ಹಿಂದೆ ಗವಿಸಿದ್ಧೇಶ್ವರರದೋ ಸಿದ್ಧಾರೂಢರದೋ ಫೋಟೋ, ಅದರ ಮುಂದೆ ಊದಿನಕಡ್ಡಿ, ಒಳಗಿನಿಂದ ರೊಟ್ಟಿ ಬಡಿಯುವ ಸದ್ದು. ಇಷ್ಟಿದ್ದರೆ ಧೈರ್ಯವಾಗಿ ಒಳಗೆ ಹೋಗಬಹುದು. ಆದರೂ ಒಮ್ಮೆ ಕೇಳಿ, ತಪ್ಪೇನಿಲ್ಲ.

ಆದರೆ ಬರೀ ‘ಖಾನಾವಳಿ’ ಅನ್ನೋ ಪದ ನೋಡಿ ನುಗ್ಗಬೇಡಿ. ಹೊರಗಿನಿಂದ ಬಂದವರು ಎಡವುವುದು ಇಲ್ಲೇ. ಖಾನಾವಳಿ ಅಂದರೆ ಊಟದ ಮನೆ ಅಷ್ಟೇ. ಸಾವಜಿ ಖಾನಾವಳಿ ಅಂತ ಇದ್ದರೆ ಅದು ಹೆಸರು ಮಾಡಿರೋದೇ ಖಾರದ ಮಟನ್ ಊಟಕ್ಕೆ. ಬೋರ್ಡಿನಲ್ಲಿ ‘ಲಿಂಗಾಯತ’ ಅಥವಾ ‘ಶುದ್ಧ ಸಸ್ಯಾಹಾರಿ’ ಅಂತ ಇದೆಯಾ ನೋಡಿ. ಮಿಲಿಟರಿ ಹೋಟೆಲ್ ಏನು ಅಂತ ಮೈಸೂರಿನವರಿಗೆ ನಾನು ಹೇಳಬೇಕಿಲ್ಲ. ಮೆಸ್ ಅಂತ ಇದ್ದರೆ ಎರಡೂ ಇರಬಹುದು, ಕೇಳಲೇಬೇಕು. ‘ಫ್ಯಾಮಿಲಿ ರೆಸ್ಟೋರೆಂಟ್’ ಅಂದರೆ ಕುಟುಂಬದವರಿಗೆ ಬೇರೆ ಕೋಣೆ ಇದೆ ಅಂತ ಅರ್ಥ, ಬೇರೆ ಅಡುಗೆಮನೆ ಇದೆ ಅಂತಲ್ಲ.

ಖಾನಾವಳಿ ಊಟದ ಬಗ್ಗೆ ಸ್ವಲ್ಪ ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಒಂದು ಕಾಳಿನ ಪಲ್ಯ, ಒಂದು ಸೊಪ್ಪಿನ ಪಲ್ಯ. ಅದೃಷ್ಟ ಇದ್ದರೆ ಪುಂಡಿಪಲ್ಯ. ತೆಲುಗಿನವರು ಗೋಂಗೂರ ಅಂತ ಹೆಮ್ಮೆಪಡುವ ಹುಳಿಸೊಪ್ಪು ಅದೇ. ಪಕ್ಕದಲ್ಲಿ ಶೇಂಗಾ ಚಟ್ನಿಪುಡಿ, ಗುರೆಳ್ಳು ಹಿಂಡಿ (ಹುಚ್ಚೆಳ್ಳಿನ ಚಟ್ನಿಪುಡಿ), ಕೆಂಪು ಖಾರ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಸೌತೆಕಾಯಿ. ಆಮೇಲೆ ಅನ್ನ, ಸಾರು, ಮಜ್ಜಿಗೆ. ಪಲ್ಯ ಮತ್ತೆ ಮತ್ತೆ ಬಡಿಸ್ತಾರೆ. ಬೇಡ ಅಂದರೆ ಯಾಕ್ರೀ, ಸರಿಯಾಗಿಲ್ಲೇನು ಅಂತ ಕೇಳಿಯೂ ಕೇಳ್ತಾರೆ. ಖಾರ ಜಾಸ್ತಿ ಅನಿಸಿದರೆ ‘ಸಪ್ಪನ ಬ್ಯಾಳಿ ಐತೇನ್ರೀ’ ಅಂತ ಕೇಳಿ. ಖಾರ ಹಾಕದ ತೊಗರಿಬೇಳೆ ಅದು, ಸ್ವಲ್ಪ ತುಪ್ಪ ಬಿದ್ದರೆ ವಯಸ್ಸಾದವರಿಗೆ ಹಿತ. ಅಮ್ಮನ ಹಲ್ಲು ಗಟ್ಟಿಯಿಲ್ಲದಿದ್ದರೆ ಬಿಸಿ ರೊಟ್ಟಿಯೇ ಬೇಕು ಅಂತ ಕೂರುವ ಮೊದಲೇ ಹೇಳಿ. ಇಲ್ಲದಿದ್ದರೆ ಖಡಕ್ ರೊಟ್ಟಿ ಬಂದುಬಿಡುತ್ತೆ. ಮತ್ತೆ, ಮಧ್ಯಾಹ್ನ ಮೂರರೊಳಗೆ ಹೋಗಿ. ತಡವಾದರೆ ರೊಟ್ಟಿ ಮುಗಿದಿರುತ್ತೆ, ಬಡಿಯುವ ಅಕ್ಕನೂ ಮನೆಗೆ ಹೋಗಿರ್ತಾಳೆ.

ಮೂರು ಜಿಲ್ಲೆ ಪಕ್ಕಪಕ್ಕದಲ್ಲಿದ್ದರೂ ಊಟ ಒಂದೇ ಅಲ್ಲ. ಬಳ್ಳಾರಿ 1953ರವರೆಗೆ ಮದ್ರಾಸಿನ ಕಡೆ ಇತ್ತು. ಆ ವರ್ಷ ಅಕ್ಟೋಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿತು. ರಾಯಚೂರು ಹೈದರಾಬಾದ್ ನಿಜಾಮರದ್ದು, ಕರ್ನಾಟಕಕ್ಕೆ ಬಂದಿದ್ದು 1956ರಲ್ಲಿ. ಕೊಪ್ಪಳ ಆಗ ರಾಯಚೂರು ಜಿಲ್ಲೆಯ ಒಳಗೇ ಇತ್ತು, ಬೇರೆ ಜಿಲ್ಲೆಯಾಗಿದ್ದು 1997ರಲ್ಲಿ. ಹಾಗಾಗಿ ಬಳ್ಳಾರಿಯಲ್ಲಿ ಇಡ್ಲಿ, ದೋಸೆ, ಆಂಧ್ರದ ಪಪ್ಪು ಊಟ ಸಲೀಸಾಗಿ ಸಿಗುತ್ತೆ. ರಾಯಚೂರಿನ ಕಡೆ ಹೋದಂತೆ ಹೈದರಾಬಾದಿ ರುಚಿ ಕಾಣುತ್ತೆ. ಅಲ್ಲಿ ಎರಡು ಹೆಸರು ನೆನಪಿಡಿ. ಒಂದು ದಾಲ್ಚಾ. ನೋಡೋಕೆ ಸೋರೆಕಾಯಿ ಹಾಕಿದ ಬೇಳೆ ಸಾರಿನ ಹಾಗೇ ಇರುತ್ತೆ, ಹೆಸರಲ್ಲೂ ದಾಲ್ ಇದೆ. ಆದರೆ ಸಾಮಾನ್ಯವಾಗಿ ಅದರಲ್ಲಿ ಮಟನ್ ಬೆಂದಿರುತ್ತೆ. ಇನ್ನೊಂದು ಕುಷ್ಕಾ. ‘ಪೀಸ್ ಇಲ್ಲರೀ, ಬರೀ ಅನ್ನ’ ಅಂತ ಕೊಡ್ತಾರೆ. ಪೀಸ್ ಇರಲ್ಲ ನಿಜ, ಆದರೆ ಅನ್ನ ಅದೇ ಬಿರಿಯಾನಿ ಹಂಡೆಯದ್ದು.

ನಿಮ್ಮ ದಾರಿಗೆ ಬರೋಣ. ಬಳ್ಳಾರಿ ಪೇಟೆಯಲ್ಲಿ ತೊಂದರೆ ಆಗಲ್ಲ, ಉಡುಪಿ ಶೈಲಿಯ ಹೋಟೆಲ್ ಸಿಗುತ್ತವೆ. ಹಂಪಿ ಈಗ ಬಳ್ಳಾರಿ ಜಿಲ್ಲೆಯಲ್ಲಿಲ್ಲ, 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ. ವಿರೂಪಾಕ್ಷ ಗುಡಿಯ ಸುತ್ತಲಿನ ಊರಲ್ಲಿ ಮಾಂಸದೂಟ ಮಾರೋದಿಲ್ಲ, ತತ್ತಿ ಬಗ್ಗೆ ಮಾತ್ರ ಅಲ್ಲೂ ಕೇಳಿ. ಹೊಳೆ ದಾಟಿ ಆನೆಗೊಂದಿ, ಸಾಣಾಪುರದ ಕಡೆ ಬಂದರೆ ಕೊಪ್ಪಳ ಜಿಲ್ಲೆ. ಅಲ್ಲಿ ಪ್ರವಾಸಿಗರ ಕೆಫೆಗಳಲ್ಲಿ ಹಮ್ಮಸ್, ಫಲಾಫೆಲ್ ಅಂತೆಲ್ಲ ಇರುತ್ತೆ. ಇವು ಕಡಲೆಯಿಂದ ಮಾಡುವ ತಿಂಡಿಗಳೇ. ಆದರೆ ಎಷ್ಟೋ ಕೆಫೆಗಳಲ್ಲಿ ಆಮ್ಲೆಟ್, ಚಿಕನ್ ಕೂಡ ಅದೇ ಒಲೆಯ ಮೇಲೆ. ಹಳೇ ಪ್ರವಾಸಿ ಪಟ್ಟಿಗಳು ಈಗಲೂ ವಿರೂಪಾಪುರ ಗಡ್ಡೆಯ ಕೆಫೆಗಳನ್ನು ಹೊಗಳ್ತವೆ. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಅಲ್ಲಿನ ರೆಸಾರ್ಟ್‌ಗಳನ್ನೆಲ್ಲ ತೆರವು ಮಾಡಿದರು. ಸುಮ್ನೆ ಹುಡುಕಿಕೊಂಡು ಹೋಗಬೇಡಿ.

ಗುಡಿ ಇರುವ ಊರೆಲ್ಲ ಸಸ್ಯಾಹಾರದ್ದೇ ಅಂತಲೂ ಲೆಕ್ಕ ಹಾಕಬೇಡಿ. ಮುನಿರಾಬಾದ್ ಪಕ್ಕದ ಹುಲಿಗಿಯಲ್ಲಿ ಹುಲಿಗೆಮ್ಮನ ಹರಕೆ ತೀರಿಸೋಕೆ ಬಂದವರು ಬಯಲಲ್ಲಿ ಒಲೆ ಹೂಡಿ ಮಾಂಸದಡುಗೆ ಮಾಡೋದೂ ಉಂಟು. ಅದು ಅವರ ಪದ್ಧತಿ. ಕೊಪ್ಪಳದ ಗವಿಮಠಕ್ಕೆ ಬಂದರೆ ಬೇರೆಯದೇ ಲೋಕ, ಅಲ್ಲಿ ದಾಸೋಹ ಇರುತ್ತೆ. ಒಂದು ತಿಂಗಳು ತಡವಾಗಿ, ಜನವರಿಯ ಜಾತ್ರೆಗೆ ಬಂದಿದ್ದರೆ ಸುತ್ತಲ ಹಳ್ಳಿಗಳಿಂದ ಟ್ರ್ಯಾಕ್ಟರ್ ತುಂಬ ರೊಟ್ಟಿ ಬರೋದನ್ನು ನೋಡ್ತಿದ್ದಿರಿ. ಕೊಪ್ಪಳದಿಂದ ರಾಯಚೂರಿಗೆ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಮೇಲೆ ಹೋಗ್ತೀರಿ. ಊಟಕ್ಕೆ ಗಂಗಾವತಿ ಇಲ್ಲವೇ ಸಿಂಧನೂರು ಅಂತ ಗಟ್ಟಿ ಮಾಡಿಕೊಳ್ಳಿ. ನಡುವೆ ಭತ್ತದ ಗದ್ದೆ ಕಾಣುತ್ತೆ, ಊಟದ ಮನೆ ಕಾಣೋದು ಕಡಿಮೆ. ಮಂತ್ರಾಲಯದಲ್ಲಂತೂ ಮಠದ ಊಟವೇ ಇದೆ.

ಮ್ಯಾಪ್ ಬೇಡ ಅಂತ ಹೇಳ್ತಿಲ್ಲ. ಹುಡುಕುವ ಪದ ಬದಲಿಸಿ. ‘ವೆಜ್’ ಬದಲು ‘ಲಿಂಗಾಯತ ಖಾನಾವಳಿ’, ‘ಉಡುಪಿ’ ಅಂತ ಕನ್ನಡದಲ್ಲೇ ಬರೆದು ನೋಡಿ. ಬಂದ ಮೇಲೆ ನಕ್ಷತ್ರ ಎಣಿಸಬೇಡಿ, ಜನ ಹಾಕಿದ ಫೋಟೋ ನೋಡಿ. ಬೋರ್ಡಿನ ಫೋಟೋ, ದರಪಟ್ಟಿಯ ಫೋಟೋ, ತಟ್ಟೆಯ ಫೋಟೋ. ಯಾರದೋ ತಟ್ಟೆಯಲ್ಲಿ ಆಮ್ಲೆಟ್ ಕಂಡರೆ ಅಲ್ಲಿಗೆ ವಿಷಯ ಮುಗೀತು. ಸ್ವಿಗ್ಗಿ, ಜೊಮ್ಯಾಟೊದಲ್ಲಿ ‘ಪ್ಯೂರ್ ವೆಜ್’ ಅಂತ ಸೋಸುವ ಗುಂಡಿ ಇದೆ, ಪೇಟೆಯಲ್ಲಿ ಉಳಿದ ದಿನ ಉಪಯೋಗ. ಸಸ್ಯಾಹಾರ ಹುಡುಕುವವರಿಗೆಂದೇ ಹ್ಯಾಪಿಕೌ ಅನ್ನೋ ಆ್ಯಪ್ ಕೂಡ ಇದೆ. ಹಂಪಿ ಸುತ್ತಮುತ್ತ ನೋಡಬಹುದು, ಕಾರಟಗಿಯಲ್ಲಿ ಹಸಿವಾದಾಗ ಅದನ್ನು ತೆರೆದು ಕೂರಬೇಡಿ. ಬಸ್ ಸ್ಟ್ಯಾಂಡ್ ಹತ್ತಿರ ಹೂ ಮಾರುವ ಅಕ್ಕನನ್ನು ‘ರೊಟ್ಟಿ ಊಟ ಎಲ್ಲಿ ಚಲೋ ಸಿಗ್ತದರೀ’ ಅಂತ ಕೇಳಿ. ಆ್ಯಪಿಗಿಂತ ಬೇಗ ಉತ್ತರ ಬರುತ್ತೆ.

ಬೆಳಗಿನ ತಿಂಡಿಗೆ ಒಗ್ಗರಣೆ-ಮಿರ್ಚಿ ತಪ್ಪಿಸಬೇಡಿ. ಮಂಡಕ್ಕಿಯನ್ನು ನಮ್ಮ ಕಡೆ ಮಂಡಾಳು ಅಂತಾರೆ. ನೀರಲ್ಲಿ ನೆನೆಸಿ, ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿನ ಹಾಕಿ ಒಗ್ಗರಣೆ ಕೊಟ್ಟು, ಮೇಲೆ ಪುಟಾಣಿ (ಹುರಿಗಡಲೆ) ಹಿಟ್ಟು ಉದುರಿಸ್ತಾರೆ. ಗಡಿಯಾಚೆ ಅನಂತಪುರ, ಕರ್ನೂಲಿನವರು ಇದನ್ನೇ ಉಗ್ಗಾನಿ ಅಂತಾರೆ. ಜೊತೆಗೆ ಬಿಸಿ ಮಿರ್ಚಿ ಇರಲೇಬೇಕು. ಬಂಡಿಯಲ್ಲಿ ತಿನ್ನುವಾಗ ಒಂದು ಎಚ್ಚರ: ತಟ್ಟೆಯಲ್ಲಿ ಎಗ್ ಬೋಂಡಾ ಕಂಡರೆ ಅದೂ ಅದೇ ಎಣ್ಣೆಯಲ್ಲಿ ಮುಳುಗಿ ಎದ್ದಿರುತ್ತೆ. ಸಂಜೆಯ ಗೋಬಿ ಮಂಚೂರಿ ಬಂಡಿಯದ್ದೂ ಅದೇ ಕಥೆ, ಎಗ್ ರೈಸ್ ಮಾಡಿದ ಬಾಣಲೆಗೇ ಗೋಬಿ ಬೀಳುತ್ತೆ. ಗೋಬಿಗೆ ಕೃತಕ ಬಣ್ಣ ಹಾಕಬಾರದು ಅಂತ ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ಹೇಳಿದೆ. ಬಾಣಲೆ ಬದಲಿಸಿ ಅಂತ ಯಾರೂ ಹೇಳಿಲ್ಲ.

ಬೇಕರಿಯಲ್ಲಿ ಅಯ್ಯಂಗಾರ್ ಅಂತ ಹೆಸರಿದ್ದರೂ ಗಾಜಿನೊಳಗೆ ಎಗ್ ಪಫ್ ಇರಬಹುದು. ಒಮ್ಮೆ ಬಗ್ಗಿ ನೋಡಿ. ಪ್ಯಾಕೆಟ್ ತಿಂಡಿಗಾದರೆ ಗೊಂದಲ ಕಡಿಮೆ. ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ, ಕಂದು ಚೌಕದೊಳಗೆ ಕಂದು ತ್ರಿಕೋನ ಇದ್ದರೆ ಅಲ್ಲ. ಮೊದಲು ಎರಡೂ ಚುಕ್ಕೆಯೇ ಆಗಿದ್ದವು. ಬಣ್ಣ ಗುರುತಿಸೋಕೆ ಆಗದವರಿಗೆ ಕಷ್ಟ ಅಂತ ಒಂದನ್ನು ತ್ರಿಕೋನ ಮಾಡಿದರು. ಮೊಟ್ಟೆ ಹಾಕಿದ್ದಕ್ಕೂ ತ್ರಿಕೋನವೇ.

ಮಂತ್ರಾಲಯಕ್ಕೆ ಹೋಗುವವರು ಅಂದಿರಿ. ಅಮ್ಮ ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಿಡುವವರಾದರೆ ಲೆಕ್ಕ ಬೇರೆ. ಖಾನಾವಳಿಯ ಪಲ್ಯದಲ್ಲಿ ಉಳ್ಳಾಗಡ್ಡಿ, ಶೇಂಗಾ ಚಟ್ನಿಯಲ್ಲಿ ಬೆಳ್ಳುಳ್ಳಿ ಇದ್ದೇ ಇರುತ್ತೆ ಅಂತ ಇಟ್ಟುಕೊಳ್ಳಿ. ಉಡುಪಿ ಹೋಟೆಲ್ಲಿನ ಸಾಂಬಾರಿನಲ್ಲೂ ಈರುಳ್ಳಿ ಇರುತ್ತೆ. ಆಗ ಉಳಿಯೋದು ಬಿಸಿ ರೊಟ್ಟಿ, ಗಟ್ಟಿ ಮೊಸರು, ಒಂದು ತುಂಡು ಬೆಲ್ಲ. ಕೇಳಿದರೆ ಕೊಡ್ತಾರೆ. ಬಡತನದ ಊಟದ ಹಾಗೆ ಕಾಣುತ್ತೆ, ತಿಂದು ನೋಡಿ. ಮನೆಯಿಂದ ಚಟ್ನಿಪುಡಿ ತಂದಿದ್ದರೆ ಇನ್ನೇನೂ ಬೇಡ.

ವಾಪಸ್ ಹೋಗುವಾಗ ಖಡಕ್ ರೊಟ್ಟಿ ಕಟ್ಟಿಸಿಕೊಳ್ಳಿ. ಕೊಪ್ಪಳ, ಗಂಗಾವತಿಯಲ್ಲಿ ಹೆಣ್ಣುಮಕ್ಕಳು ನಡೆಸುವ ರೊಟ್ಟಿ ಕೇಂದ್ರಗಳಲ್ಲಿ ಲೆಕ್ಕದ ಮೇಲೆ ಕೊಡ್ತಾರೆ, ನೀರು ತಾಕದಿದ್ದರೆ ವಾರಗಟ್ಟಲೆ ಇರುತ್ತೆ. ಬ್ಯಾಗಿನ ಮೇಲ್ಗಡೆ ಇಡಿ. ತಳಕ್ಕೆ ಹಾಕಿದರೆ ಮೈಸೂರು ಮುಟ್ಟೋ ಹೊತ್ತಿಗೆ ರೊಟ್ಟಿ ಇರಲ್ಲ, ಮುಟಗಿ (ರೊಟ್ಟಿ ಪುಡಿ ಮಾಡಿ ಮಾಡುವ ತಿಂಡಿ) ಮಾಡೋಕೆ ಚೂರು ಮಾತ್ರ ಇರುತ್ತೆ.