ಅವಳು ವೇಷಾನೇ ಹಾಕಲ್ಲ, ಆದ್ರೂ ಅವನಿಗ್ಯಾಕೆ ಗುರುತು ಸಿಗಲ್ಲ?

ಓದುಗರ ಪ್ರಶ್ನೆ: "ಎಲ್ರೂ ಹೊಗಳ್ತಾರೆ ಅಂತ 1941ರ ‘ದಿ ಲೇಡಿ ಈವ್’ ನೋಡ್ದೆ. ಹಡಗಿನ ಭಾಗ ಸೂಪರ್. ಆದ್ರೆ ಆಮೇಲೆ ಅದೇ ಹುಡುಗಿ ಅದೇ ಮುಖ ಇಟ್ಕೊಂಡು ಇಂಗ್ಲೆಂಡಿನ ಶ್ರೀಮಂತ ಮನೆತನದೋಳು ಅಂತ ಅವನ ಮನೆಗೇ ಬರ್ತಾಳೆ, ಆ ಪೆದ್ದನಿಗೆ ಗುರುತೇ ಸಿಗಲ್ಲ! ನಮ್ ಹಳೇ ಸಿನಿಮಾಗಳಲ್ಲಾದ್ರೂ ಕೆನ್ನೆ ಮೇಲೊಂದು ಮಚ್ಚೆ ಅಂಟಿಸ್ತಿದ್ರು, ಇಲ್ಲಿ ಅದೂ ಇಲ್ಲ. ಇದನ್ನ ಹೇಗ್ರೀ ನಂಬೋದು?"

ಉತ್ತರ: ಈ ಸಿನಿಮಾ ನೋಡಿದೋರು ಹೆಚ್ಚುಕಮ್ಮಿ ಎಲ್ರೂ ಕೇಳೋ ಪ್ರಶ್ನೆ ಇದು. ಕೇಳ್ಲೇಬೇಕು ಕೂಡ, ಯಾಕಂದ್ರೆ ಸಿನಿಮಾದೊಳಗೇ ಒಬ್ಬ ಆ ಪಾರ್ಟಿ ಸೀನಿಂದ ಹಿಡಿದು ಕಟ್ಟಕಡೇ ಡೈಲಾಗ್ ತನಕ ಇದನ್ನೇ ಬಡ್ಕೋತಾ ಇರ್ತಾನೆ. ಅಂದ್ಮೇಲೆ ಇದು ಸ್ಕ್ರಿಪ್ಟ್ ಬರೆದು ಡೈರೆಕ್ಟ್ ಮಾಡಿದ ಪ್ರೆಸ್ಟನ್ ಸ್ಟರ್ಜಸ್ ಗೊತ್ತಿಲ್ದೆ ಬಿಟ್ಟ ತೂತು ಅಂತೂ ಅಲ್ಲ, ಬೇಕಂತ್ಲೇ ಇಟ್ಟಿದ್ದು. ನನ್ ಉತ್ತರ ಒಂದೇ ಸಾಲಲ್ಲಿ ಬೇಕಂದ್ರೆ, ಆ ಪುಣ್ಯಾತ್ಮ ಮೊದಲನೇ ಸಲವೇ ಅವಳನ್ನ ಸರಿಯಾಗಿ ನೋಡಿರ್ಲಿಲ್ಲ, ಇನ್ನು ಎರಡನೇ ಸಲ ಏನ್ ಗುರುತು ಸಿಗತ್ತೆ? ಉಳಿದಿದ್ದು ವಿವರ. ಕಥೆ ಕೊನೇವರೆಗೂ ಹೇಳ್ಬೇಕಾಗತ್ತೆ, ಇನ್ನೂ ನೋಡದೇ ಇರೋರು ಮೊದ್ಲು ನೋಡ್ಕೊಂಡು ಬನ್ನಿ, ಬರೀ ಒಂದೂವರೆ ಗಂಟೆ ಸಿನಿಮಾ.

ಹೀರೋ ಚಾರ್ಲ್ಸ್ ಪೈಕ್, ಹೆನ್ರಿ ಫೋಂಡಾ ಮಾಡಿರೋದು. ಬಿಯರ್ ಥರದ್ದೇ ಒಂದು ಡ್ರಿಂಕು, ಏಲ್ ಅಂತಾರೆ, ಅದರ ಕಂಪನಿ ಓನರ್ ಮಗ, ಕೋಟ್ಯಧೀಶ. ಆದ್ರೆ ಅವನಿಗೆ ಹಾವಿನ ಹುಚ್ಚು. ಒಂದು ವರ್ಷ ಅಮೆಜಾನ್ ಕಾಡಲ್ಲಿ ಹಾವು ಹುಡುಕ್ಕೊಂಡಿದ್ದು ಈಗ ಎಮ್ಮಾ ಅನ್ನೋ ಹಾವನ್ನ ಡಬ್ಬಿಯಲ್ಲಿಟ್ಕೊಂಡು ಹಡಗು ಹತ್ತಿದಾನೆ. ಅದೇ ಹಡಗಲ್ಲಿ ಇಸ್ಪೀಟಲ್ಲಿ ಮೋಸ ಮಾಡಿ ಶ್ರೀಮಂತರ ಜೇಬು ಖಾಲಿ ಮಾಡೋ ಅಪ್ಪ ಮಗಳು, ಚಾರ್ಲ್ಸ್ ಕೋಬರ್ನ್ ಮತ್ತೆ ಬಾರ್ಬರಾ ಸ್ಟಾನ್ವಿಕ್. ಮಗಳ ಹೆಸರು ಜೀನ್.

ಈಗ ಆ ಊಟದ ಹಾಲ್ ಸೀನು ನೆನಪು ಮಾಡ್ಕೊಳಿ, ನಿಮ್ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ. ಚಾರ್ಲ್ಸ್ ಒಬ್ಬನೇ ಟೇಬಲಲ್ಲಿ ಕೂತು ಪುಸ್ತಕ ಓದ್ತಿದಾನೆ, ಹಾವಿನ ಬಗ್ಗೆನೇ. ಸುತ್ತ ಇರೋ ಹುಡ್ಗೀರೆಲ್ಲ ಅವನ ಕಣ್ಣಿಗೆ ಬೀಳ್ಬೇಕು ಅಂತ ಸರ್ಕಸ್ ಮಾಡ್ತಿದಾರೆ. ಜೀನ್ ಅವನ ಕಡೆ ಬೆನ್ನು ಹಾಕಿ ಕೂತು ಪೌಡರ್ ಡಬ್ಬಿಯ ಪುಟಾಣಿ ಕನ್ನಡಿ ಎತ್ತಿ ಹಿಡಿದು ಅದರಲ್ಲಿ ಇಡೀ ಹಾಲ್ ನೋಡ್ತಾ, ನಮಗೂ ತೋರಿಸ್ತಾ, ಕ್ರಿಕೆಟ್ ಕಾಮೆಂಟರಿ ಥರ ಹೇಳ್ತಾ ಹೋಗ್ತಾಳೆ: ನೋಡಿ ಇವಳು ಕರ್ಚೀಫ್ ಬೀಳಿಸಿದ್ಲು, ಅಯ್ಯೋ ಅವನು ನೋಡ್ಲೇ ಇಲ್ಲ, ಅಲ್ಲೊಬ್ಳು ಎದ್ದೇಳ್ತಾಳೆ, ಎದ್ಲು, ಇಲ್ಲ ಕೂತ್ಲು... ಹುಡುಗಿ ಏನ್ ಯೋಚಿಸ್ತಿದಾಳೆ, ಹುಡುಗ ಏನ್ ಅಂದ್ಕೊಂಡ, ಎರಡೂ ಡೈಲಾಗು ಇವಳೇ ಹೇಳ್ತಾಳೆ. ಆಮೇಲೆ ಅವನು ಎದ್ದು ಪಕ್ಕದಲ್ಲಿ ಹಾದು ಹೋಗುವಾಗ ಸುಮ್ನೆ ಕಾಲು ಅಡ್ಡ ಇಟ್ಟು ಮುಗ್ಗರಿಸಿ ಬೀಳಿಸ್ತಾಳೆ. ಬಿದ್ದೋನು ಎದ್ದೇಳೋ ಹೊತ್ತಿಗೆ, ನನ್ ಚಪ್ಪಲಿ ಹಿಮ್ಮಡಿ ಮುರಿದು ಹಾಕಿದ್ರಲ್ಲ ಅಂತ ಅವನಿಗೇ ದಬಾಯಿಸಿ ರೂಮಿಗೆ ಕರ್ಕೊಂಡು ಹೋಗಿ ಬೇರೆ ಶೂ ತೊಡಿಸೋಕೆ ಹೇಳ್ತಾಳೆ!

ಈ ಒಂದು ಸೀನಲ್ಲೇ ಇಬ್ರ ಕಣ್ಣು ಎಂಥದ್ದು ಅಂತ ಹೇಳ್ಬಿಟ್ಟಿದಾನೆ ಸ್ಟರ್ಜಸ್. ಅವಳು ತಿರುಗಿ ನೋಡದೇನೇ ಎಲ್ಲಾ ನೋಡ್ತಾಳೆ. ಅವನು ಎದುರಿಗಿದ್ದಿದ್ದನ್ನೂ ನೋಡಲ್ಲ. ರೂಮಲ್ಲೂ ಅಷ್ಟೇ, ಅವಳ ಸೆಂಟಿನ ವಾಸನೆಗೇ ತಲೆ ತಿರುಗಿ ಕೂತಿರ್ತಾನೆ, ವರ್ಷವಿಡೀ ಕಾಡಲ್ಲಿದ್ದೋನು, ಅಲ್ಲಿ ಸೆಂಟು ಎಲ್ಲಿಂದ ಬರ್ಬೇಕು. ಆಮೇಲೆ ಆ ಫೇಮಸ್ ಶಾಟು, ಅವಳು ಸೋಫಾ ಮೇಲೆ ಒರಗಿ ಅವನ ತಲೆಗೂದಲಲ್ಲಿ ಕೈಯಾಡಿಸ್ತಾ ಮಾತಾಡ್ತಾ ಇರೋದು, ಕಟ್ಟೇ ಇಲ್ದೆ ನಿಮಿಷಗಟ್ಲೆ ಹೋಗತ್ತೆ. ಫೋಂಡಾ ಮುಖ ನೋಡಿ ಅಲ್ಲಿ, ಕಣ್ಣು ಅರ್ಧ ಮುಚ್ಚಿದೆ. ಇವನ ಹತ್ರ ಮುಂದೆ ಮೂಗು ಕಣ್ಣು ಹೇಗಿತ್ತಪ್ಪ ಅಂತ ಕೇಳಿದ್ರೆ ಏನ್ ಹೇಳ್ತಾನೆ ಪಾಪ.

ಮೋಸ ಮಾಡೋಕೆ ಬಂದೋಳಿಗೆ ನಿಜವಾಗ್ಲೂ ಲವ್ ಆಗತ್ತೆ. ಅಪ್ಪ ಇಸ್ಪೀಟಲ್ಲಿ ಹುಡುಗನ್ನ ಬೋಳಿಸೋಕೆ ನೋಡಿದ್ರೆ ಮಗಳು ಅದೇ ಟೇಬಲ್ಲಲ್ಲಿ ಅಪ್ಪನಿಗೇ ಮೋಸ ಮಾಡಿ ಹುಡುಗನ್ನ ಉಳಿಸ್ತಾಳೆ, ಆ ಎಲೆಗಳ ಕೈಚಳಕ ನೋಡೋಕೆ ಎರಡು ಕಣ್ಣು ಸಾಲಲ್ಲ. ಆದ್ರೆ ಚಾರ್ಲ್ಸ್‌ನ ಕಾವಲಿಗೆ ಒಬ್ಬ ಬಂಟ ಇದಾನೆ, ಮಗ್ಸಿ ಅಂತ, ವಿಲಿಯಂ ಡೆಮರೆಸ್ಟ್. ಸಿಡುಕ, ಎಲ್ರ ಮೇಲೂ ಅನುಮಾನ. ಹಡಗಿನೋರ ಹತ್ರ ಈ ಮೋಸಗಾರರ ಫೋಟೋ ಇರತ್ತೆ, ಅದು ಆಚೆ ಬರತ್ತೆ. ಚಾರ್ಲ್ಸ್ ಫೋಟೋ ನೋಡ್ತಾನೆ, ಮುಗೀತು. ಅವಳ ಮಾತು ಕೇಳಲ್ಲ, ಜೊತೆಗೆ ತನ್ನ ಮರ್ಯಾದೆ ಉಳಿಸ್ಕೊಳೋಕೆ, ನನಗೆ ಮೊದ್ಲಿಂದ್ಲೂ ಗೊತ್ತಿತ್ತು, ನಾನೇ ನಿನ್ನ ಆಟ ಆಡಿಸ್ತಿದ್ದೆ ಅಂತ ಸುಳ್ಳೂ ಹೇಳ್ತಾನೆ. ಅವಳಿಗೆ ಉರಿಯೋದು ಇದಕ್ಕೇ. ನಿನ್ನೆ ತನಕ ದೇವತೆ, ಒಂದು ಕಾಗದ ನೋಡಿದ್ಮೇಲೆ ಕಳ್ಳಿ. ನಡುವೆ ಇರೋ ಹೆಂಗಸು ಅವನಿಗೆ ಕಾಣ್ಲೇ ಇಲ್ಲ.

ಈಗ ನಿಮ್ ಪ್ರಶ್ನೆಯ ಜಾಗಕ್ಕೆ ಬರೋಣ. ಸೇಡು ತೀರಿಸ್ಕೊಳೋಕೆ ಅವಳು ಲೇಡಿ ಈವ್ ಆಗಿ ಕನೆಕ್ಟಿಕಟ್‌ನಲ್ಲಿರೋ ಅವನ ಬಂಗ್ಲೆ ಪಾರ್ಟಿಗೇ ಬರ್ತಾಳೆ. ವಿಗ್ ಇಲ್ಲ, ಕನ್ನಡಕ ಇಲ್ಲ, ಏನಿಲ್ಲ. ಕಾಸ್ಟ್ಯೂಮ್ ಡಿಸೈನರ್ ಈಡಿತ್ ಹೆಡ್ ಹೊಲಿಸಿದ ಮಿಂಚೋ ಗೌನು, ಇಂಗ್ಲೆಂಡಿನೋರ ಥರ ಉಚ್ಚಾರ, ಚುರುಕಾಗಿ ನಗ್ತಾ ಮಾತು, ಅಷ್ಟೇ. ಚಾರ್ಲ್ಸ್ ನೋಡ್ತಾನೆ, ಬಾಯಿ ತೆರ್ಕೊಂಡು ನೋಡ್ತಾನೆ, ನೋಡ್ತಾ ನೋಡ್ತಾ ಸೋಫಾ ಎಡವಿ ಬೀಳ್ತಾನೆ, ಬಟ್ಟೆ ಬದಲಾಯಿಸ್ಕೊಂಡು ಬರ್ತಾನೆ, ಪರದೆ ಎಳ್ಕೊಂಡು ಬೀಳ್ತಾನೆ, ಊಟಕ್ಕೆ ಕೂತ್ರೆ ಸರ್ವರ್ ವೇಷದಲ್ಲಿರೋ ಮಗ್ಸಿ ಇವಳ ಮುಖ ಹತ್ರದಿಂದ ನೋಡೋ ಭರದಲ್ಲಿ ತಟ್ಟೇಲಿರೋದನ್ನೆಲ್ಲ ಯಜಮಾನನ ಮೇಲೇ ಸುರೀತಾನೆ. ಗಮನಿಸಿ, ಆ ಮನೇಲಿ ವೇಷ ಹಾಕಿರೋನು ಮಗ್ಸಿ, ಸೂಟ್ ಮೇಲೆ ಸೂಟ್ ಬದಲಾಯಿಸ್ತಿರೋನು ಚಾರ್ಲ್ಸ್. ಅವಳೊಬ್ಳೇ ಇದ್ದಂಗೇ ಇದಾಳೆ.

ಮಗ್ಸಿ ಹೇಳ್ತಾನೇ ಇರ್ತಾನೆ, ಇದು ಹಡಗಲ್ಲಿದ್ದೋಳೇ, ನಡಿಗೆ ಕೂಡ ಅದೇ ಅಂತ. ಅದಕ್ಕೆ ಚಾರ್ಲ್ಸ್ ಕೊಡೋ ಲಾಜಿಕ್ ಕೇಳಿ. ಯಾರಾದ್ರೂ ಬೇರೆಯೋರ ಥರ ನಾಟಕ ಆಡ್ಬೇಕಂದ್ರೆ ಕೂದ್ಲಿಗೆ ಬಣ್ಣ ಹಾಕ್ತಾರೆ, ಏನೋ ಒಂದು ಬದಲಾಯಿಸ್ತಾರೆ, ಇವಳು ಏನೂ ಬದಲಾಯಿಸಿಲ್ಲ, ಪೂರಾ ಅವಳ ಥರನೇ ಇದಾಳೆ, ಅದಕ್ಕೇ ಇವಳು ಅವಳಲ್ಲ! ಇದು ಪೆದ್ದರ ಲಾಜಿಕ್ ಅಲ್ಲ ಸ್ವಾಮಿ, ಓದಿಕೊಂಡೋರ ಲಾಜಿಕ್. ಮೂಗಿನ ಮುಂದಿರೋ ಸತ್ಯಕ್ಕಿಂತ ತನ್ನ ಥಿಯರಿ ದೊಡ್ಡದು ಅನ್ನೋರು ಮಾತ್ರ ಹೀಗೆ ಯೋಚಿಸೋಕೆ ಸಾಧ್ಯ. ಹಾವಿನ ಜಾತಿ ಸೂಕ್ಷ್ಮವಾಗಿ ಗುರುತಿಸೋ ವಿಜ್ಞಾನಿ, ಬೇರೆ. ಸಾಲದ್ದಕ್ಕೆ ಅವಳ ಜೊತೆಗಾರ, ಅವನೂ ‘ಸರ್’ ಅಂತ ಬಿರುದು ತಗಲಿಸ್ಕೊಂಡಿರೋ ಕಳ್ಳನೇ, ಈವ್ ಕುಟುಂಬದ್ದು ಅಂತ ಕಿವಿಯಲ್ಲೊಂದು ಕಥೆ ಊದ್ತಾನೆ, ಗಾಡಿ ಹೊಡೆಯೋನಿಗೆ ಹುಟ್ಟಿದ ಗುಟ್ಟಿನ ಅಕ್ಕತಂಗಿ ಅಂತೆಲ್ಲ, ಕಾದಂಬರಿಯಲ್ಲೂ ಯಾರೂ ನಂಬದಂಥ ಕಥೆ. ಚಾರ್ಲ್ಸ್ ಕಣ್ಣಲ್ಲಿ ನೀರು ಬರೋದೊಂದು ಬಾಕಿ.

ಅಂದ್ರೆ ಮೊದಲ ಸಲ ಫೋಟೋ ಬಂತು, ನಂಬಿದ. ಈ ಸಲ ಬಿರುದು ಬಂತು, ನಂಬಿದ. ಕಣ್ಣು ಮಾತ್ರ ಎರಡೂ ಸಲ ಕೆಲ್ಸ ಮಾಡ್ಲಿಲ್ಲ. ಇನ್ನೊಂದು ಮಜಾ ಏನಂದ್ರೆ ಆ ಪಾರ್ಟಿಯಲ್ಲಿ ಇದ್ದ ಒಬ್ಬ ದೊಡ್ಡ ಮನುಷ್ಯನೂ ನೀವ್ಯಾವ ಊರು, ಯಾರ ಮಗಳು ಅಂತ ಸರಿಯಾಗಿ ವಿಚಾರಿಸಲ್ಲ. ಇಂಗ್ಲೆಂಡು, ಲೇಡಿ, ಸಾಕು. ಅಮೆರಿಕದ ಹೊಸ ದುಡ್ಡಿನೋರಿಗೆ ಯುರೋಪಿನ ಹಳೇ ಬಿರುದು ಅಂದ್ರೆ ಬಾಯಲ್ಲಿ ನೀರು, ಅದನ್ನ ಸ್ಟರ್ಜಸ್ ಚೆನ್ನಾಗಿ ಬಲ್ಲ. ಬಲ್ಲದೇ ಏನು, ಅವರಮ್ಮನ ಕಥೆನೇ ಅದು! ಮೇರಿ ಡೆಂಪ್ಸಿ ಅನ್ನೋ ಹೆಸರಿನ ಆಯಮ್ಮ ನಾವು ಇಟಲಿಯ ದೆಸ್ತೆ ರಾಜಮನೆತನದೋರು ಅಂತ ಹೇಳ್ಕೊಂಡು ಪ್ಯಾರಿಸ್‌ನಲ್ಲಿ ಅದೇ ಹೆಸರಲ್ಲಿ ಸೆಂಟು, ಕ್ರೀಮು ಮಾರೋ ಅಂಗಡಿ ತೆಗೆದ್ರು. ನಿಜವಾದ ದೆಸ್ತೆ ಮನೆತನದೋರು ತಕರಾರು ತೆಗೆದ್ಮೇಲೆ ಹೆಸರಿನ ಸ್ಪೆಲ್ಲಿಂಗ್ ಬದಲಾಯಿಸಿ ವ್ಯಾಪಾರ ಮುಂದುವರಿಸಿದ್ರು. ಮಗ ಪ್ರೆಸ್ಟನ್ ಸಿನಿಮಾಗೆ ಬರೋ ಮುಂಚೆ ಅದೇ ಬಿಸಿನೆಸ್ಸಲ್ಲಿ ಕೆಲ್ಸ ಮಾಡಿದೋನು, ಮುತ್ತು ಕೊಟ್ರೂ ಅಳಿಸದ ಲಿಪ್‌ಸ್ಟಿಕ್ ಕಂಡುಹಿಡಿದಿದ್ದೂ ಅಲ್ಲೇ. ಸೆಂಟು, ಸುಳ್ಳು ಬಿರುದು, ಎರಡೂ ಇವನಿಗೆ ಮನೆ ವಿದ್ಯೆ ಅನ್ಬೋದು.

ಆದ್ರೆ ನಿಮ್ ಪ್ರಶ್ನೆಗೆ ಪಕ್ಕಾ ಉತ್ತರ ಕೊಡೋದು ಈವ್ ಬಾಯಿಂದನೇ. ಅವನಿಗೆ ಯಾಕೆ ಗುರುತು ಸಿಗ್ಲಿಲ್ಲ ಅನ್ನೋ ಮಾತು ಬಂದಾಗ ಅವಳು ಹೇಳೋದು ಹೀಗೆ: ನನಗೇ ಅವನ ಗುರುತು ಸರಿಯಾಗಿ ಸಿಗ್ಲಿಲ್ಲ ಕಣೋ, ಸ್ವಲ್ಪ ಕುಳ್ಳಗೆ, ಮೂಳೆ ಮೂಳೆ ಕಂಡ. ಹಡಗಲ್ಲಿ ಒಬ್ಬರಿಗೊಬ್ರು ಹುಚ್ಚರಾಗಿದ್ವಲ್ಲ, ಅದಕ್ಕೆ ನನ್ ಕಣ್ಣಿಗೆ ಅವನು ಎತ್ತರ, ಚೆಲುವ. ಅವನಿಗೂ ನಾನು ಅಪ್ಸರೆ ಥರ ಕಂಡಿರ್ತೀನಿ. ಈಗ ಆ ಪ್ರೀತಿ ಇಲ್ಲ, ಆ ಮುಖಗಳೂ ಇಲ್ಲ. ತಮಾಷೆಯಾಗಿ ಹೇಳ್ತಾಳೆ, ಆದ್ರೆ ಇಡೀ ಸಿನಿಮಾದಲ್ಲಿ ಇಷ್ಟು ಚುಚ್ಚೋ ಮಾತು ಇನ್ನೊಂದಿಲ್ಲ ನನ್ ಪ್ರಕಾರ. ಸ್ಟಾನ್ವಿಕ್ ಅದನ್ನ ಹೇಳೋ ರೀತಿ ನೋಡಿ, ಆರಾಮಾಗಿ, ಸಿಟ್ಟಿನ ಸುಳಿವೇ ಇಲ್ದೆ.

ಬೇರೆ ವೇಷದ ಕಾಮಿಡಿಗಳ ಪಕ್ಕ ಇಟ್ಟು ನೋಡಿದ್ರೆ ಇದೆಷ್ಟು ಧೈರ್ಯ ಅಂತ ಗೊತ್ತಾಗತ್ತೆ. 1942ರ ‘ದಿ ಮೇಜರ್ ಅಂಡ್ ದಿ ಮೈನರ್’ನಲ್ಲಿ ಜಿಂಜರ್ ರಾಜರ್ಸ್ ರೈಲಲ್ಲಿ ಅರ್ಧ ಟಿಕೆಟ್‌ಗೋಸ್ಕರ 12 ವರ್ಷದ ಹುಡುಗಿ ಆಗ್ತಾಳೆ, ಅದಕ್ಕೆ ಜಡೆ, ಸಾಕ್ಸು ಎಲ್ಲಾ ಬೇಕಾಯ್ತು. 1959ರ ‘ಸಮ್ ಲೈಕ್ ಇಟ್ ಹಾಟ್’ನಲ್ಲಿ ಇಬ್ರು ಗಂಡಸರು ಹೆಂಗಸರಾಗೋಕೆ ವಿಗ್ಗು, ಹೈಹೀಲ್ಸು, ರಾಶಿ ಮೇಕಪ್ಪು. ಅಲ್ಲೆಲ್ಲ ವೇಷ ಹಾಕ್ಕೊಂಡೋರ ಪೇಚಾಟ ನೋಡಿ ನಗ್ತೀವಿ. ಇಲ್ಲಿ ವೇಷ ಹಾಕ್ದೇ ಇರೋಳು ಆರಾಮಾಗಿದಾಳೆ, ಎದುರಿಗೆ ನಿಂತೋನು ಒದ್ದಾಡ್ತಾನೆ. ಮಚ್ಚೆ ಅಂಟಿಸಿದ್ರೆ ನಿಮಗೆ ನಂಬಿಕೆ ಬರ್ತಿತ್ತು ಸರಿ, ಆದ್ರೆ ತಪ್ಪು ಮಚ್ಚೆ ಮೇಲೆ ಹೋಗ್ತಿತ್ತು, ಅವನ ಮೇಲೆ ಬರ್ತಿರ್ಲಿಲ್ಲ.

ಹೆನ್ರಿ ಫೋಂಡಾನೇ ಯಾಕೆ ಬೇಕಿತ್ತು ಅನ್ನೋದೂ ಇದಕ್ಕೇ. 1939ರಲ್ಲಿ ಲಿಂಕನ್ ಆಗಿ, 1940ರಲ್ಲಿ ‘ದಿ ಗ್ರೇಪ್ಸ್ ಆಫ್ ರಾತ್’ನ ಬಡ ರೈತನ ಮಗ ಆಗಿ ಜನರ ಮನಸ್ಸಲ್ಲಿ ಕೂತಿದ್ದ ಮುಖ ಅದು, ಪ್ರಾಮಾಣಿಕತೆಗೆ ಮೂಗು ಬಾಯಿ ಬಂದಂಗೆ. ಅದೇ ಮುಖ ಇಟ್ಕೊಂಡು, ನಗಿಸೋ ಪ್ರಯತ್ನನೇ ಮಾಡದೆ ಸೀರಿಯಸ್ಸಾಗಿ ಸೋಫಾ ಮೇಲಿಂದ ಉರುಳ್ತಾನೆ. ಬೇರೆ ಕಾಮಿಡಿ ನಟ ಆಗಿದ್ರೆ ಕಣ್ಣು ಹೊಡೆದು, ಹಲ್ಲು ಕಿರಿದು ಹಾಳು ಮಾಡ್ತಿದ್ದ.

ಮದುವೆ ಆಗತ್ತೆ. ಮೊದಲ ರಾತ್ರಿ ರೈಲಲ್ಲಿ ಅವಳು ಒಬ್ಬೊಬ್ರೇ ಹಳೇ ಪ್ರಿಯಕರರ ಹೆಸರು ಬಿಚ್ತಾ ಹೋಗ್ತಾಳೆ, ಇವಳಿಗೆ ಅಷ್ಟೊಂದು ಜನ ಎಲ್ಲಿ ಸಿಕ್ರೋ, ಎಲ್ಲಾ ಬುರುಡೆ. ಅವನು ಪೈಜಾಮದಲ್ಲೇ ರೈಲಿಳಿದು ಕೆಸರಲ್ಲಿ ಜಾರಿ ಬೀಳ್ತಾನೆ. ಈ ಭಾಗ ನನಗೆ ಸ್ವಲ್ಪ ಎಳೆದಂಗೆ ಅನ್ಸತ್ತೆ, ಪ್ರತೀ ಹೆಸರಿಗೂ ಸುರಂಗ, ಸಿಡಿಲು, ಶಿಳ್ಳೆ. ಸೇಡು ತೀರ್ತು, ಆದ್ರೆ ಅವಳಿಗೆ ಖುಷಿ ಆಗಲ್ಲ. ಡೈವೋರ್ಸಿಗೆ ದುಡ್ಡು ಕೊಡ್ತೀವಿ ಅಂದ್ರೂ ಬೇಡ ಅಂತಾಳೆ, ಅವನೇ ಬಂದು ಕೇಳ್ಲಿ ಸಾಕು ಅಂತಾಳೆ. ಅವನು ಬರಲ್ಲ, ಮತ್ತೆ ಹಡಗು ಹತ್ತಿ ಹೊರಡ್ತಾನೆ. ಇವಳೂ ಅದೇ ಹಡಗು ಹತ್ತಿ, ಈ ಸಲ ಜೀನ್ ಆಗಿ, ಮತ್ತೆ ಕಾಲು ಅಡ್ಡ ಕೊಡ್ತಾಳೆ. ಅವನಿಗೆ ಸ್ವರ್ಗ ಸಿಕ್ಕಂಗೆ ಆಗಿ ಕೈ ಹಿಡ್ಕೊಂಡು ರೂಮಿಗೆ ಓಡ್ತಾನೆ.

ಇಲ್ಲೇ ಇರೋದು ಸ್ಟರ್ಜಸ್‌ನ ಕಿಲಾಡಿತನ. 1934ರಿಂದ ಹಾಲಿವುಡ್‌ನಲ್ಲಿ ಪ್ರೊಡಕ್ಷನ್ ಕೋಡ್ ಅನ್ನೋ ಸೆನ್ಸಾರ್ ನಿಯಮ ಬಿಗಿಯಾಗಿ ಜಾರೀಲಿತ್ತು, ಮದುವೆ ಆದ ಗಂಡಸು ಪರಸ್ತ್ರೀ ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡು ಸುಖವಾಗಿ ಸಿನಿಮಾ ಮುಗಿಸೋ ಹಾಗೇ ಇರ್ಲಿಲ್ಲ. ಆದ್ರೆ ಇವಳು ಪರಸ್ತ್ರೀ ಅಲ್ವಲ್ಲ, ಕಾನೂನು ಪ್ರಕಾರ ಅವನದೇ ಹೆಂಡ್ತಿ! ಚಾರ್ಲ್ಸ್ ಮನಸ್ಸಲ್ಲಿ ಮಾಡ್ತಿರೋದು ಪಾಪ, ಕಾಗದದ ಮೇಲೆ ಅದು ಸಂಸಾರ. ಸೆನ್ಸಾರಿನೋರು ಏನ್ ಕತ್ತರಿಸ್ತಾರೆ? ಅವನು ಗುರುತು ಹಿಡಿದುಬಿಟ್ಟಿದ್ರೆ ಈ ಕ್ಲೈಮ್ಯಾಕ್ಸೇ ಇರ್ತಿರ್ಲಿಲ್ಲ.

ಕೊನೆಗಾದ್ರೂ ಅವನಿಗೆ ಗೊತ್ತಾಗತ್ತಾ ಅಂತ ಕೇಳ್ಬೋದು ನೀವು. ಅವಳು ಏನೋ ವಿವರಿಸೋಕೆ ಹೋಗ್ತಾಳೆ, ಅವನು ಬೇಡ, ಏನಿದ್ರೂ ನಿನ್ ಹತ್ರನೇ ಇಟ್ಕೋ, ನನಗೆ ತಿಳ್ಕೊಳೋದೇ ಬೇಡ ಅಂತಾನೆ. ಫೋಟೋ, ಬಿರುದು, ಥಿಯರಿ ಅಂತ ಸಾಯ್ತಿದ್ದೋನು ಮೊದಲ ಸಲ ಯಾವ ಪುರಾವೆನೂ ಬೇಡ ಅಂತಿದಾನೆ. ಆಮೇಲೆ ತಪ್ಪೊಪ್ಪಿಗೆ ಥರ, ನನಗೆ ಮದುವೆ ಆಗೋಗಿದೆ ಅಂತಾನೆ. ನನಗೂ ಆಗಿದೆ ಅಂತಾಳೆ ಅವಳು. ಬಾಗಿಲು ಮುಚ್ಚತ್ತೆ. ಅಷ್ಟರಲ್ಲಿ ಒಳಗಿಂದ ಮಗ್ಸಿ ಕಳ್ಳಬೆಕ್ಕಿನ ಹಾಗೆ ನುಸುಳಿ ಆಚೆ ಬಂದು, ಇದು ಗ್ಯಾರಂಟಿ ಅವಳೇ ಅಂತ ನಮ್ ಕಡೆ ನೋಡಿ ಹೇಳ್ತಾನೆ. ಪಾಪ, ಅವನಿಗೊಂದು ಸಂಬಳ ಜಾಸ್ತಿನಾದ್ರೂ ಮಾಡ್ಬೇಕಿತ್ತು ಪೈಕ್ ಮನೆಯೋರು.